ಬಿಳಿ ಬಳಿದ ತಂತಿ

ಡಿಸೆಂಬರ್ ಬಂತೆಂದರೆ ನಮ್ಮ ಗುಡ್ಡದ ಕೇರಿಯವರು ಟೊಮ್ಯಾಟೊ ತಿನ್ನುವುದಿಲ್ಲ. ನಗಬೇಡಿ. ಕೆಂಪು ಎಂದರೆ ಹೊಳೆ ಕೇರಿಯವರ ಬಣ್ಣ, ನಮ್ಮದು ಬಿಳಿ. ಇಪ್ಪತ್ನಾಲ್ಕರ ರಾತ್ರಿ ಎರಡು ಕೇರಿಗಳ ಪೈಪೋಟಿಯ ಹಬ್ಬ ಪರಾಂದಾ ಮುಗಿಯುವ ತನಕ ನಮ್ಮ ಹೆಂಗಸರ ತುಟಿಗೆ ಕೆಂಪು ತಾಗುವುದಿಲ್ಲ, ಮಕ್ಕಳ ಚಡ್ಡಿಗೂ ತಾಗುವುದಿಲ್ಲ. ನನ್ನ ಸ್ವಂತ ಅಕ್ಕ ಹೊಳೆ ಕೇರಿಗೆ ಸೊಸೆಯಾಗಿ ಹೋದವಳು. ಆ ತಿಂಗಳು ಮಾರ್ಕೆಟ್ಟಿನಲ್ಲಿ ಎದುರಾದರೆ ಇಬ್ಬರೂ ಬಾಳೆಕಾಯಿಯ ಗೊನೆ ನೋಡುತ್ತಾ ಮುಂದೆ ಹೋಗುತ್ತೇವೆ.

ಆ ರಾತ್ರಿ ಇಗರ್ಜಿಯ ಮುಂದಿನ ಚೌಕದಲ್ಲಿ ಎರಡೂ ಕೇರಿಯವರು ಎದುರುಬದುರು ಬಲ್ಬಿನ ಗೋಪುರ ನಿಲ್ಲಿಸುತ್ತಾರೆ. ಒಂದೊಂದೂ ಇಗರ್ಜಿಯ ಗಂಟೆಗಿಂತ ಎತ್ತರ. ಯಾರದು ಮೇಲು ಎಂದು ಹೇಳಲು ತೀರ್ಪುಗಾರರಿಲ್ಲ. ಇಬ್ಬರೂ ತಾವೇ ಗೆದ್ದೆವೆಂದು ಮೆರವಣಿಗೆ ಹೊರಡುತ್ತಾರೆ, ಆಮೇಲೆ ವರ್ಷವಿಡೀ ಜಗಳ. ಗೋಪುರ ಏನಾಗಲಿದೆ ಎಂಬುದು ಕೊನೆಯ ಗಳಿಗೆಯವರೆಗೂ ಗುಟ್ಟು. ಆ ಗುಟ್ಟಿಗಾಗಿ ನಮ್ಮವರು ಶೆಡ್ಡಿನ ಕಿಟಕಿಗೆ ಮೊಳೆ ಹೊಡೆದು, ಬೆವರಿನಲ್ಲಿ ಬೆಂದು, ಆರು ತಿಂಗಳು ಕೆಲಸ ಮಾಡುತ್ತಾರೆ.

ನನ್ನ ಮಾವ ಬೆಲಾರ್ಮಿನೊ ನಲವತ್ತೊಂದು ವರ್ಷ ನಮ್ಮ ಕೇರಿಯ ಗೋಪುರಕ್ಕೆ ಕರೆಂಟು ಕೊಟ್ಟವರು. ನಾನು ಈಗ ಹೇಳುತ್ತಿರುವುದು ಅವರ ಕೊನೆಯ ವರ್ಷದ ಮಾತು. ಆಗಿನ್ನೂ ಎಲ್ಲವೂ ಹಳೇ ಕಾಲದ ತಂತಿ ಬಲ್ಬು, ಕೈ ತಾಗಿದರೆ ಬೊಬ್ಬೆ ಏಳುವಂಥವು. ಆ ಸಲ ಆರು ಸಾವಿರ ಬಲ್ಬು, ನಲವತ್ತೆಂಟು ಹಲಗೆ. ಸಮುದ್ರದ ತಳದಲ್ಲಿ ಒಂದು ಅರಮನೆ, ಅದರ ಮೇಲೆ ಅಲೆ ಏಳುತ್ತಾ ಬೀಳುತ್ತಾ ಹೋಗಬೇಕು. ಅಲೆ ಏಳಿಸುವುದು ಗೋಪುರದ ಹೊಟ್ಟೆಯೊಳಗಿದ್ದ ಒಂದು ಮರದ ಉರುಳೆ. ಅದರ ಮೈಗೆ ತಾಮ್ರದ ಪಟ್ಟಿ ಹೊಡೆದಿದ್ದರು. ಹಿಡಿಕೆ ಹಿಡಿದು ತಿರುಗಿಸಿದರೆ ಪಟ್ಟಿ ಹಿತ್ತಾಳೆಯ ಬೆರಳುಗಳಿಗೆ ತಾಗುತ್ತಾ ಒಂದೊಂದೇ ಹಲಗೆಗೆ ಕರೆಂಟು ಬಿಡುತ್ತದೆ, ತಾಗದಿದ್ದಾಗ ನಿಲ್ಲಿಸುತ್ತದೆ. ಬಲ್ಬು ಯಾವುದೂ ಕದಲುವುದಿಲ್ಲ. ನೋಡುವವರ ಕಣ್ಣಿಗೆ ಮಾತ್ರ ನೀರು ಹರಿಯುತ್ತದೆ.

ಆ ಹಿಡಿಕೆ ತಿರುಗಿಸುತ್ತಿದ್ದವರು ಮಾವ. ಹಾಗಾಗಿ ನಲವತ್ತು ವರ್ಷದಲ್ಲಿ ಒಂದು ಸಲವೂ ತಾವು ಕಟ್ಟಿದ ಗೋಪುರದ ದೀಪ ಹತ್ತಿದ್ದನ್ನು ಅವರು ಮುಂದಿನಿಂದ ನೋಡಿರಲಿಲ್ಲ. ಊರೆಲ್ಲ ಬಾಯಿ ಬಿಟ್ಟು ನೋಡುವಾಗ ಅವರೊಬ್ಬರು ಹಿಂದೆ, ಕತ್ತಲಲ್ಲಿ.

"ಸ್ವಿಚ್ಚು ಹಾಕಿದ ಕೂಡಲೇ ಹೊರಗೆ ಸದ್ದೇ ನಿಂತುಹೋಗುತ್ತೆ ಕಣಮ್ಮ," ಎನ್ನುತ್ತಿದ್ದರು. "ಒಂದು ನರಪಿಳ್ಳೆ ಕೆಮ್ಮಲ್ಲ. ಪ್ರತಿ ವರ್ಷ ಎದೆ ಧಸಕ್ ಅನ್ನುತ್ತೆ. ಮುಂದೆ ಹತ್ತಿಲ್ಲ, ನನ್ನ ಮಾನ ಹೋಯ್ತು ಅಂತ. ಆಮೇಲೆ ಎವುಲಾಲಿಯಾ ಓಡಿ ಬರೋಳು."

ಎವುಲಾಲಿಯಾ ಅಂದರೆ ನನ್ನ ಅತ್ತೆ. ದಪ್ಪ ಹೆಂಗಸು, ಮಂಡಿನೋವು ಬೇರೆ. ಆದರೂ ಗೋಪುರವನ್ನು ಸುತ್ತಿ ಓಡಿ ಬಂದು, ಹಿಂದಿನ ಟಾರ್ಪಾಲು ಎತ್ತಿ ಕೂಗುತ್ತಿದ್ದರು: "ಬೆಲಾರ್ಮಿನೊ, ಹತ್ತಿದೆ!" ಅತ್ತೆ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಮೂರು ವರ್ಷ ಯಾರೂ ಹೋಗಿ ಹೇಳಲಿಲ್ಲ. ನಾನೂ ಹೇಳಲಿಲ್ಲ. ನೋಡುತ್ತಾ ನಿಂತವಳಿಗೆ ಹಿಂದೆ ಒಬ್ಬರಿದ್ದಾರೆ ಎಂಬುದೇ ಮರೆತುಹೋಗುತ್ತಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ವರ್ಷ ಅಕ್ಟೋಬರಿನಲ್ಲಿ ಕಣ್ಣಿನ ಡಾಕ್ಟರು ಮಾವನಿಗೆ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಮುಂದಿನ ವರ್ಷದ ಡಿಸೆಂಬರಿನ ಹೊತ್ತಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂದಷ್ಟೇ ತಿಳಿದೀತು. ಅವತ್ತು ಊಟಕ್ಕೆ ಕೂತಾಗ ಮಾವ ಅನ್ನ-ಹುರುಳಿಯನ್ನು ಚಮಚದಿಂದ ಅತ್ತಿತ್ತ ಮಾಡುತ್ತಾ ಹೇಳಿದರು: "ಈ ಸಲ ಉರುಳೆ ಶೆಡ್ಡಲ್ಲಿ ನನ್ನ ಜೊತೆ ದುಡಿಯೋ ಲಾದಿಸ್ಲಾವೊ ತಿರುಗಿಸ್ಲಿ. ನಾನು ಚೌಕದಲ್ಲಿ ನಿಂತ್ಕೋತೀನಿ. ಒಂದ್ಸಲ ನೋಡ್ಬೇಕು."

ನಲವತ್ತು ವರ್ಷ ಏನನ್ನೂ ಕೇಳದವರು ಕೇಳಿದ್ದು ಅದೊಂದೇ. ನಾನು ಅದನ್ನೂ ಕೆಡಿಸಲಿದ್ದೆ.

ಆದದ್ದು ಇಷ್ಟು. ಮುಚ್ಚಿಹೋದ ಸಕ್ಕರೆ ಕಾರ್ಖಾನೆಯಿಂದ ನಮಗೆ ತಂತಿಯ ಸುರುಳಿಗಳು ಸಿಕ್ಕಿದ್ದವು, ಕೆಂಪು ಮತ್ತು ಬಿಳಿ. ಮಾವ ಕರೆಂಟು ಬರುವ ತಂತಿಗೆ ಕೆಂಪು, ಮರಳುವ ತಂತಿಗೆ ಬಿಳಿ ಎಂದು ವಿಂಗಡಿಸಿ ಎಲ್ಲ ಹಲಗೆಗಳ ಹಿಂದೆ ಎಳೆದು, ತುದಿಗಳನ್ನು ಬಣ್ಣ ನೋಡಿ ಜೋಡಿಸಲು ಲಾದಿಸ್ಲಾವೊಗೆ ಬಿಟ್ಟು, ನಾಲ್ಕು ದಿನ ಕಣ್ಣಿನ ಆಸ್ಪತ್ರೆಗೆಂದು ಸಾಂತಾ ಕ್ಲಾರಾಕ್ಕೆ ಹೋದರು. ನಾವು ಐದು ಜನ ಹೆಂಗಸರು ಶೆಡ್ಡಿನಲ್ಲಿ ಬಲ್ಬುಗಳನ್ನು ನೀಲಿ, ಹಸಿರು ಅರಗಿನ ಬಣ್ಣದಲ್ಲಿ ಅದ್ದಿ ಬಟ್ಟೆ ಒಣಗಿಸುವ ಹಗ್ಗಕ್ಕೆ ನೇತುಹಾಕುತ್ತಿದ್ದೆವು. ನಾನು ತಲೆ ಎತ್ತಿ ನೋಡಿದರೆ ನಮ್ಮ ಅರಮನೆಯ ಬೆನ್ನ ತುಂಬಾ ಕೆಂಪು ಗೆರೆ!

"ಅಯ್ಯೋ ದೇವರೇ," ಅಂದೆ. "ಹೊಳೆ ಕೇರಿಯವರು ಸಂದಿಯಲ್ಲಿ ಇದನ್ನ ಕಂಡ್ರೆ ಮುಗೀತು. ಗುಡ್ಡದವರ ಗೋಪುರಕ್ಕೆ ನಮ್ಮ ರಕ್ತವೇ ಬೇಕಾಯ್ತು ಅಂತ ಹಾಡು ಕಟ್ತಾರೆ."

ಸಮಿತಿಯ ಯಜಮಾನಿ ಸೆನೈದಾ ಕುರ್ಚಿಯಿಂದ ಎದ್ದೇಬಿಟ್ಟಳು. "ಈಗೇನ್ಮಾಡೋದೇ ಒನೆಲಿಯಾ?"

"ಬಿಳಿ ಬಣ್ಣದ ಡಬ್ಬ ಇದೆಯಲ್ಲಾ ಸೆನೈದಕ್ಕ. ಬಳಿಯೋಣ."

ಹೌದು, ಐಡಿಯಾ ನನ್ನದೇ. ಎರಡು ಮಧ್ಯಾಹ್ನ ಕೂತು ಕೆಂಪು ತಂತಿಗಳಿಗೆಲ್ಲ ತುದಿಯವರೆಗೂ ಬಿಳಿ ಬಳಿದೆವು. ಲಾದಿಸ್ಲಾವೊ ಬಂದು ನೋಡಿ ತಲೆ ಕೆರೆದುಕೊಂಡ. ನಲವತ್ತು ದಾಟಿದ ಗಂಡಸು, ಕೈಕೆಲಸ ಚೆನ್ನಾಗಿ ಬಲ್ಲ, ಆದರೆ ಗೊತ್ತಿಲ್ಲ ಎನ್ನಲು ಮಾತ್ರ ಬಾರದು. "ಬಲ್ಬಿಗೇನು ಬಣ್ಣ ಗೊತ್ತಾಗುತ್ತಾ? ಹೇಗೆ ಜೋಡಿಸಿದ್ರೂ ಹತ್ತುತ್ತೆ ಬಿಡಿ," ಎಂದು ತುದಿಗಳನ್ನು ಅಂದಾಜಿನ ಮೇಲೆ ಜೋಡಿಸಿದ. ಹತ್ತಿದವು ಕೂಡ, ಎಲ್ಲವೂ. ಮುದುಕನಿಗೆ ಹೇಳಬೇಡಿ, ಎಲ್ಲ ಬಿಚ್ಚಿಸಿಬಿಡುತ್ತಾನೆ ಎಂದು ಸೆನೈದಾ ನಮ್ಮಿಂದ ಮಾತು ತೆಗೆದುಕೊಂಡಳು. ಊರಿಂದ ಮರಳಿದ ಮಾವನಿಗೆ ಮೊದಲೇ ಕಣ್ಣು ಮಂಜು, ಹಲಗೆಗಳನ್ನು ಅಷ್ಟರಲ್ಲಿ ಮುಚ್ಚಿ ಚೌಕದಲ್ಲಿ ಏರಿಸಿಯೂ ಆಗಿತ್ತು.

ಇಪ್ಪತ್ಮೂರರ ಸಂಜೆ, ಟಾರ್ಪಾಲು ಹೊದಿಸಿದ ಗೋಪುರದೊಳಗೆ ಕೊನೆಯ ಪರೀಕ್ಷೆ. ಮೂರನೇ ಅಂತಸ್ತಿನ ಹಲಗೆಯೊಂದರಲ್ಲಿ ಒಂದು ಬಲ್ಬು ಸಡಿಲವಾಗಿತ್ತು. ಮಾವ ಉರುಳೆಯನ್ನು ಆ ಹಲಗೆ ಆರುವ ಜಾಗಕ್ಕೆ ತಂದು ನಿಲ್ಲಿಸಿದರು. ಹಲಗೆ ಕತ್ತಲಾಯಿತು. ಲಾದಿಸ್ಲಾವೊ ಬೆವರಿನ ಮೈಯಲ್ಲಿ, ಬರಿಗಾಲಲ್ಲಿ ಕಬ್ಬಿಣದ ಕೊಳವೆ ಹತ್ತಿ ಹೋಲ್ಡರಿಗೆ ಕೈ ಹಾಕಿದ. ಒಂದು ಕೂಗು. ಮರುಕ್ಷಣ ಅವನು ಕೆಳಗಿನ ಮರಳಿನ ಚೀಲಗಳ ಮೇಲೆ ಬಿದ್ದಿದ್ದ. ಮಣಿಕಟ್ಟು ಮುರಿದಿತ್ತು, ಎರಡು ಬೆರಳು ಸುಟ್ಟಿದ್ದವು. ಪ್ರಾಣ ಉಳಿದದ್ದು ಚೀಲಗಳ ಪುಣ್ಯ.

ಅವನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮಾವ ಉರುಳೆಯ ಪಕ್ಕದಲ್ಲೇ ನೆಲಕ್ಕೆ ಕೂತರು. "ಆರಿದ ಹಲಗೆ ಅದು," ಎಂದರು ಯಾರಿಗೂ ಅಲ್ಲದೆ. "ಆರಿದ್ದು ಹೇಗೆ ಹೊಡೀತು? ನಾನೇ ಎಲ್ಲೋ ತಂತಿ ತಪ್ಪಾಗಿ ಎಳೆದಿದೀನಿ. ಕಣ್ಣು ಮೋಸ ಮಾಡ್ತು. ಒಬ್ಬ ಮನುಷ್ಯನ್ನ ಕೊಂದುಬಿಡ್ತಿದ್ದೆ." ಉರುಳೆಯ ಹಿಡಿಕೆಗೆ ಕೈ ಹಾಕಿ, "ಬೇರೆ ಯಾರನ್ನೂ ಇದರೊಳಗೆ ಬಿಡಲ್ಲ. ನಾಳೆ ನಾನೇ ತಿರುಗಿಸ್ತೀನಿ," ಎಂದರು.

ನಾನು ಹೊರಗೆ ಬರುತ್ತಿದ್ದಂತೆ ಸೆನೈದಾ ನನ್ನ ತೋಳು ಹಿಡಿದಳು.

"ಬಾಯಿ ಬಿಟ್ಟೀಯ ಜೋಕೆ! ಹೇಳಿದ್ರೆ ಮುದುಕ ಗೋಪುರ ಹತ್ತಿಸೋಕೇ ಬಿಡಲ್ಲ. ಇಡೀ ಕೇರಿ ತಲೆ ತಗ್ಗಿಸ್ಬೇಕು."

"ಅವರು ತಮ್ಮದೇ ತಪ್ಪು ಅಂದ್ಕೊಂಡಿದಾರೆ ಸೆನೈದಕ್ಕ."

"ಅಂದ್ಕೊಳ್ಲಿ. ವಯಸ್ಸಾದೋರು, ಎರಡು ದಿನಕ್ಕೆ ಮರೀತಾರೆ. ಒಳಗೆ ಯಾರೂ ಕೈ ಹಾಕದಿದ್ರೆ ಆಯ್ತಪ್ಪ."

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಮಾವ ಅಡುಗೆಮನೆಯಲ್ಲಿ ಕಾಫಿ ಹೀರುತ್ತಿದ್ದಾಗ ಎದುರಿಗೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕೆಂಪು ತಂತಿ, ಬಿಳಿ ಡಬ್ಬ, ಲಾದಿಸ್ಲಾವೊನ ಅಂದಾಜು.

ಅವರು ಲೋಟ ಕೆಳಗಿಟ್ಟರು. "ಎಷ್ಟು ತಂತಿಗೆ ಬಳಿದ್ರಿ?"

"ಎಲ್ಲಕ್ಕೂ ಮಾವ."

ಬೈಗುಳ ಬರುತ್ತದೆಂದು ಕಾದೆ. ಬದಲಿಗೆ ಆ ಮುಖ ನಿಧಾನವಾಗಿ ಸಡಿಲಾಯಿತು. "ಹಾಗಾದ್ರೆ ನನ್ನ ಕಣ್ಣಲ್ಲ," ಎಂದರು. "ನನ್ನ ಕೈಯೂ ಅಲ್ಲ." ಎರಡೂ ಅಂಗೈಯನ್ನು ಮುಖದ ಹತ್ತಿರ ತಂದು ತಿರುಗಿಸಿ ನೋಡಿಕೊಂಡರು. ಆಮೇಲೆ ಮೇಜು ಗುದ್ದಿದ ರಭಸಕ್ಕೆ ಲೋಟ ಉರುಳಿತು. "ಕತ್ತೆಗಳಾ! ಬಲ್ಬಿಗೆ ಬಣ್ಣ ಗೊತ್ತಾಗಲ್ಲ, ಮನುಷ್ಯನಿಗೆ ಗೊತ್ತಾಗ್ಬೇಕು! ಬೂಟು ಹಾಕ್ಕೋ. ರಬ್ಬರಿಂದು. ನೀನೇ ಬಳಿದಿದೀಯ, ನೀನೇ ಹುಡುಕು. ಇವತ್ತು ನನಗೆ ನಿನ್ನ ಕಣ್ಣು ಬೇಕು."

ಗೋಪುರದ ಹೊಟ್ಟೆಯಲ್ಲಿ ನಿಂತು ಅವರು ನನಗೆ ಅರ್ಥ ಮಾಡಿಸಿದರು. ಕರೆಂಟು ಒಂದು ತಂತಿಯಲ್ಲಿ ಬಂದು, ಬಲ್ಬಿನೊಳಗೆ ಹಾದು, ಇನ್ನೊಂದರಲ್ಲಿ ಮರಳಬೇಕು. ದಾರಿ ಎಲ್ಲಿ ತುಂಡಾದರೂ ಬಲ್ಬು ಆರುತ್ತದೆ. ಆದರೆ ತುಂಡು ಮಾಡಬೇಕಾದ್ದು ಬರುವ ಕಡೆ.

"ನಲ್ಲಿ ಮುಚ್ಚೋದು ಬಿಟ್ಟು ಬಚ್ಚಲ ಬಾಯಿ ಮುಚ್ಚಿದ್ರೆ ಏನಾಗುತ್ತೆ? ನೀರು ಹರಿಯೋದು ನಿಲ್ಲುತ್ತೆ, ಸರಿ. ತೊಟ್ಟಿ ತುಂಬಾ ನೀರು ಹಾಗೇ ಇರಲ್ವಾ? ಲಾದಿಸ್ಲಾವೊ ಜೋಡಿಸಿರೋದು ಹಾಗೆ. ಹಲಗೆ ಕತ್ತಲಾಗಿದೆ, ಆದ್ರೆ ಹೋಲ್ಡರಿನ ತನಕ ಕರೆಂಟು ಬಂದು ಕಾಯ್ತಾ ಕೂತಿದೆ. ದಾರಿ ಸಿಕ್ಕಿಲ್ಲ ಅಷ್ಟೆ. ಅವನು ಕೈ ಇಟ್ಟ, ಕಾಲು ಕಬ್ಬಿಣದ ಮೇಲಿತ್ತು. ಅವನ ಮೈಯೇ ದಾರಿ ಆಯ್ತು."

ಅವರ ಬಳಿ ಒಂದು ಪರೀಕ್ಷೆಯ ಬಲ್ಬಿತ್ತು. ಬರಿಯ ಹೋಲ್ಡರು, ಎರಡು ಉದ್ದ ತಂತಿ, ಬಣ್ಣ ಬಳಿಯದ ಬಲ್ಬು. ಒಂದು ತಂತಿಯನ್ನು ನೆಲಕ್ಕೆ ಹೊಡೆದ ಕಬ್ಬಿಣದ ಸರಳಿಗೆ ಬಿಗಿದರು. ಇನ್ನೊಂದರ ತುದಿಯ ಮುಳ್ಳಿಗೆ ಮರದ ಹಿಡಿ ಇತ್ತು. ಅದನ್ನು ನನ್ನ ಬಲಗೈಗೆ ಕೊಟ್ಟರು. ಉರುಳೆಯನ್ನು ಎಲ್ಲ ಹಲಗೆಯೂ ಆರುವ ಜಾಗದಲ್ಲಿ ನಿಲ್ಲಿಸಿದರು. ಆರಿದ ಹಲಗೆಯ ತಂತಿಗೆ ಮುಳ್ಳು ತಾಗಿಸಿದಾಗ ಬಲ್ಬು ಸುಮ್ಮನಿದ್ದರೆ ಸರಿ, ಹತ್ತಿದರೆ ಆ ಹಲಗೆ ತಿರುಗುಮುರುಗು.

"ಎಡಗೈ?" ಎಂದರು.

"ಇಲ್ಲೇ ಇದೆ."

"ಬೆನ್ನ ಹಿಂದೆ, ಸೊಂಟದ ಪಟ್ಟಿಗೆ ಸಿಗಿಸು. ಎರಡೂ ಕೈ ಮುಂದಿದ್ರೆ ಕರೆಂಟು ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತೆ, ನಡುವೆ ಇರೋದು ಗುಂಡಿಗೆ. ಒಣ ಹಲಗೆ ಮೇಲೇ ನಿಲ್ಲು. ಕಬ್ಬಿಣ ಒರಗಬೇಡ. ಅವಸರ ಮಾಡಬೇಡ, ಕೇರಿ ಹಾಳಾಗಿ ಹೋಗ್ಲಿ."

ಮೊದಲ ಹಲಗೆಯ ಎರಡೂ ತಂತಿ ಸುಮ್ಮನಿದ್ದವು. ಎರಡನೆಯದು, ಮೂರನೆಯದು ಕೂಡ. ನಾಲ್ಕನೆಯದಕ್ಕೆ ತಾಗಿಸಿದೆ, ಬಲ್ಬು ಹತ್ತಿತು.

ಎಷ್ಟು ಸಾವಿರ ಬಲ್ಬನ್ನು ನನ್ನ ಕೈಯಾರೆ ಬಣ್ಣಕ್ಕೆ ಅದ್ದಿದ್ದೆನೋ. ಒಂದನ್ನೂ ನೋಡಿರಲಿಲ್ಲ ಎಂದು ಆಗ ತಿಳಿಯಿತು. ಕತ್ತಲ ಹೊಟ್ಟೆಯಲ್ಲಿ, ಮೂಗಿನಿಂದ ಒಂದು ಮೊಳ ದೂರದಲ್ಲಿ, ಗಾಜಿನೊಳಗೆ ಕೂದಲೆಳೆಯಂಥ ಒಂದು ಸುರುಳಿ ಬೆಳ್ಳಗೆ ಉರಿಯುತ್ತಿತ್ತು. ಹೊಗೆಯಿಲ್ಲ, ಸದ್ದಿಲ್ಲ, ಎಣ್ಣೆಯಿಲ್ಲ. ಸತ್ತಿದೆ ಎಂದುಕೊಂಡಿದ್ದ ತಂತಿಯೊಳಗಿಂದ ಇದು ಬಂತು. ಮೈಯ ರೋಮವೆಲ್ಲ ಎದ್ದು ನಿಂತಿತು. ಭಯವೋ ಭಕ್ತಿಯೋ ನನಗೆ ತಿಳಿಯಲಿಲ್ಲ.

"ಯಾಕೆ ಸುಮ್ಮನಾದೆ? ಹತ್ತಿತಾ?"

"ಹತ್ತಿತು ಮಾವ. ಇದು ಯಾಕೆ ಸುಟ್ಟುಹೋಗಲ್ಲ?"

ಮಾವ ನಕ್ಕರು. ಹಿಂದಿನ ಸಂಜೆಯಿಂದ ಅದೇ ಮೊದಲು. "ಮದುವೆಯಾಗಿ ಹನ್ನೆರಡು ವರ್ಷಕ್ಕೆ ಕೇಳ್ತಿದೀಯ! ದಾರಿ ಅಲ್ಲಿ ಬಹಳ ಸಣ್ಣದು ಕಣಮ್ಮ. ಅಷ್ಟೂ ಕರೆಂಟು ಆ ಎಳೆಯೊಳಗೆ ನುಗ್ಗಿ ಹೋಗ್ಬೇಕು. ನುಗ್ಗಾಟಕ್ಕೆ ಮೊದಲು ಕೆಂಪಗಾಗುತ್ತೆ, ಆಮೇಲೆ ಬೆಳ್ಳಗೆ. ಬೆಳಕು ಸ್ವಲ್ಪ, ಬಿಸಿಯೇ ಹೆಚ್ಚು. ಗಾಳಿ ತಾಗಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಬೂದಿ. ಅದಕ್ಕೇ ಒಳಗಿನ ಗಾಳಿ ತೆಗೆದು ಗಾಜು ಮುಚ್ಚಿದಾರೆ. ನಾವು ಉಸಿರು ನಿಂತ್ರೆ ಸಾಯ್ತೀವಿ, ಅದು ಉಸಿರು ಸಿಕ್ಕಿದ್ರೆ ಸಾಯುತ್ತೆ. ಸರಿ, ಗುರುತು ಹಾಕು, ಮುಂದಕ್ಕೆ ನಡಿ."

ನಲವತ್ತೆಂಟರಲ್ಲಿ ಹದಿನೇಳು ತಿರುಗುಮುರುಗಾಗಿದ್ದವು. ಪ್ರತಿಯೊಂದನ್ನು ಬದಲಿಸುವ ಮುಂಚೆ ಮಾವ ಕೆಳಗಿಳಿದು ದೊಡ್ಡ ಸ್ವಿಚ್ಚು ತೆಗೆದು, ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಕೈ ತಮ್ಮ ಜೇಬಿಗೆ ಹಾಕಿಕೊಂಡು ಮೇಲೆ ಬರುತ್ತಿದ್ದರು. ಹದಿನೇಳು ಸಲ! ಎಪ್ಪತ್ತು ದಾಟಿದ ಕಾಲು. ನಾನು ಬಿಚ್ಚಿ ಜೋಡಿಸುತ್ತಿದ್ದೆ, ಅವರು ಬೆರಳಿನಿಂದ ತಡವಿ ಬಿಗಿ ನೋಡುತ್ತಿದ್ದರು. ಮಧ್ಯಾಹ್ನ ನನ್ನ ಗಂಡ ನೊರ್ಬೆರ್ತೊ ಹಂದಿಮಾಂಸ, ಮರಗೆಣಸು ತಂದರೆ ನಾನು ಬಲಗೈಯಲ್ಲಷ್ಟೇ ತಿಂದೆ, ಎಡಗೈ ಸೊಂಟದಿಂದ ಹೊರಗೆ ಬರಲಿಲ್ಲ. ಆತ ನನ್ನನ್ನೇ ನೋಡಿ, "ಪಾರ್ಶ್ವವಾಯು ಬಂತಾ?" ಎಂದ.

ಸಂಜೆ ಸೆನೈದಾ ಟಾರ್ಪಾಲು ಎತ್ತಿ ಇಣುಕಿದಳು. ನಾನು ಹೇಳಿಬಿಟ್ಟೆನೆಂದು ಮೈ ತುಂಬ ಸಿಟ್ಟು, ಮುಖದಲ್ಲಿ ಬೆವರು. "ಆಗುತ್ತೋ ಇಲ್ವೋ?"

"ಆಗುತ್ತೆ," ಎಂದರು ಮಾವ. "ಇನ್ನೊಂದ್ಸಲ ನನ್ನ ತಂತಿಗೆ ಕುಂಚ ಮುಟ್ಟಿಸಿದ್ರೆ ನಿನ್ನನ್ನೇ ಹೋಲ್ಡರಿಗೆ ಸಿಗಿಸ್ತೀನಿ."

ಒಂಬತ್ತಕ್ಕೆ ಇಗರ್ಜಿಯ ಗಂಟೆ ಹೊಡೆದಾಗ ಗೋಪುರದ ದೀಪ ಹತ್ತಿಸಬೇಕಿತ್ತು. ಕಾಲು ಗಂಟೆ ಮುಂಚೆ ಮಾವ ಉರುಳೆಯ ಹಿಡಿಕೆ ಹಿಡಿದು ನಿಂತರು. ಹೊರಗೆ ಹೊಳೆ ಕೇರಿಯವರ ತಮ್ಮಟೆ, ನಮ್ಮವರ ಕಹಳೆ. ನಾನು ಹೋಗಿ ಅವರ ಕೈಯ ಮೇಲೆ ಕೈ ಇಟ್ಟೆ.

"ಮಾವ, ಬಿಡಿ. ನೀವು ಹೊರಗೆ ಹೋಗಿ."

"ಯಾರನ್ನೂ ಒಳಗೆ ಬಿಡಲ್ಲ ಅಂದಿದೀನಿ."

"ನಲವತ್ತೆಂಟೂ ನಾನೇ ನೋಡಿದೀನಲ್ಲಾ. ಇದರೊಳಗೆ ಯಾವ ತಂತಿ ಎಲ್ಲಿದೆ ಅಂತ ನಿಮ್ಮ ಬಿಟ್ರೆ ನನಗೊಬ್ಬಳಿಗೇ ಗೊತ್ತು."

"ತಿರುಗಿಸೋದು ತಪ್ಪಿದ್ರೆ?"

"ತಪ್ಪಿದ್ರೆ ನಿಮ್ಮ ಮಗನಿಗೆ ಬೇರೆ ಹೆಂಡ್ತಿ ಹುಡುಕಿ. ಹೊಳೆ ಕೇರಿಯಿಂದ ಮಾತ್ರ ಬೇಡ."

ಅವರು ಹಿಡಿಕೆ ಬಿಟ್ಟರು. ಆಮೇಲೆ ಜೇಬಿನಿಂದ ಕೀಲಿಕೈ ತೆಗೆದು ನನ್ನ ಅಂಗೈಗೆ ಒತ್ತಿದರು. "ರಬ್ಬರಿನ ಚಾಪೆ ಮೇಲೆ ನಿಲ್ಲು. ಒಂದೇ ಕೈ. ಮೂರು ಸುತ್ತು, ಆಮೇಲೆ ನಿಲ್ಲಿಸು." ನೊರ್ಬೆರ್ತೊ ಅವರ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ. ಟಾರ್ಪಾಲು ಮುಚ್ಚಿತು.

ಒಂಬತ್ತು ಹೊಡೆಯಿತು. ಸ್ವಿಚ್ಚು ಹಾಕಿದೆ, ಎಡಗೈ ಸೊಂಟಕ್ಕೆ ಸಿಗಿಸಿದೆ, ತಿರುಗಿಸಿದೆ.

ತಾಮ್ರ ಹಿತ್ತಾಳೆಗೆ ಉಜ್ಜುವ ಸದ್ದು, ಸಣ್ಣ ನೀಲಿ ಕಿಡಿ, ತಲೆಯ ಮೇಲೆ ಅಂತಸ್ತು ಅಂತಸ್ತಾಗಿ ಸಂದಿಗಳಿಂದ ತೂರಿಬರುವ ಬೆಳಕು. ಬ್ರೆಡ್ಡಿನ ಭಟ್ಟಿಯ ಬಾಗಿಲು ತೆಗೆದ ಹಾಗೆ ಬಿಸಿ ಇಳಿಯಿತು. ಕಾದ ಅರಗಿನ ವಾಸನೆ. ಆರು ಸಾವಿರ ಬಲ್ಬಿನ ಬೆನ್ನು ನನಗೆ, ಮುಖ ಚೌಕಕ್ಕೆ. ಹೊರಗೆ ಸದ್ದು ನಿಂತುಹೋಯಿತು.

ತಮ್ಮಟೆ ನಿಂತಿತು, ಕಹಳೆ ನಿಂತಿತು. ಐದಾರು ಸಾವಿರ ಜನ ಅಲ್ಲಿದ್ದಾರೋ ಇಲ್ಲವೋ ಎನ್ನುವ ಹಾಗೆ. ಮಾವ ಎಷ್ಟೋ ಸಲ ಹೇಳಿದ್ದರು, ನಾನು ಕೇಳಿಯೂ ಇದ್ದೆ. ಆದರೂ ನನ್ನ ಎದೆ ಒಡೆಯಿತು. ಹತ್ತಿಲ್ಲ. ಅಲೆ ಎದ್ದಿಲ್ಲ. ಹದಿನೇಳರಲ್ಲಿ ಒಂದನ್ನು ಮರೆತಿದ್ದೇನೆ. ಆ ಮುದುಕ ಕೇಳಿದ್ದು ಒಂದೇ ಒಂದು ಸಲ, ಅವರು ಕತ್ತಲೆ ನೋಡುತ್ತಾ ನಿಂತಿದ್ದಾರೆ. ನಲವತ್ತು ವರ್ಷ ಅವರು ಇದನ್ನು ಹೇಗೆ ತಡೆದುಕೊಂಡರು? ಅತ್ತೆ ಇರಬೇಕಿತ್ತು ಎಂದು ಅಳುತ್ತಲೇ ತಿರುಗಿಸಿದೆ.

ಆಮೇಲೆ ಊರು ಕೂಗಿತು. ಗೋಪುರದ ಕಂಬಗಳೇ ನಡುಗಿದವು.

ಒಂದು ಸುತ್ತಾಯಿತು, ಎರಡು, ಮೂರು. ನಿಲ್ಲಿಸಬೇಕಿತ್ತು. ಯಾರೂ ಬಂದು ಏನೂ ಹೇಳಲಿಲ್ಲ. ನಾಲ್ಕನೆಯದಕ್ಕೆ ಸೆನೈದಾ ಹಿಂದಿನಿಂದ ಕಿರುಚಿದಳು: "ಸಾಕು ಕಣೇ! ರಾಕೆಟ್ ಬಿಡ್ಬೇಕು!"

"ಮಾವ ಎಲ್ಲಿದಾರೆ?"

"ಚೌಕದ ನಡುವೆ ನಿಂತಿದಾನೆ ಕಂಬದ ಹಾಗೆ! ಅಲ್ಲಾಡ್ತಾನೇ ಇಲ್ಲ."

"ಹಾಗಾದ್ರೆ ಅವರಿಗೆ ಸಾಕಾಗಿಲ್ಲ," ಎಂದು ಕೂಗಿ ಹೇಳಿದೆ.

ಭುಜ ಕಿತ್ತು ಬರುತ್ತಿತ್ತು. ಕೈ ಬದಲಿಸುವ ಹಾಗಿರಲಿಲ್ಲ, ಮಾತು ಕೊಟ್ಟಿದ್ದೆ. ಏಳನೇ ಸುತ್ತಿನಲ್ಲಿ ಟಾರ್ಪಾಲು ಎದ್ದಿತು. ಮಾವ ತಡವರಿಸುತ್ತಾ ಒಳಗೆ ಬಂದರು. ಕೆನ್ನೆ ಪೂರ್ತಿ ಒದ್ದೆ. ಓಡಿ ಬಂದವರಂತೆ ಏದುಸಿರು. ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಉರುಳೆ ನಿಲ್ಲಿಸಿದರು.

"ಒನೆಲಿಯಾ," ಎಂದರು. "ಹತ್ತಿದೆ!"